ಪೀಣ್ಯದಲ್ಲಿ ಲಂಗರು ಹಾಕಿದ ಮಾವ

ಸಮುದ್ರದಿಂದ ಮುನ್ನೂರೈವತ್ತು ಕಿಲೋಮೀಟರ್ ದೂರದಲ್ಲಿ, ಅದೂ ನಲ್ಲಿ ನೀರು ಮೂರು ದಿನಕ್ಕೊಮ್ಮೆ ಬರುವ ಬೀದಿಯಲ್ಲಿ, ಸ್ವಂತ ಹಡಗು ಇಟ್ಟುಕೊಂಡಿದ್ದ ಮನುಷ್ಯ ಯಾರಾದರೂ ಇದ್ದರೆ ಅದು ನನ್ನ ಸೋದರಮಾವ ಒಬ್ಬನೇ! ನಂಬಿಕೆ ಬರದಿದ್ದರೆ ಪೀಣ್ಯ ಎರಡನೇ ಹಂತದಲ್ಲಿ ಯಾವ ಆಟೋದವರನ್ನಾದರೂ ಕೇಳಿ ನೋಡಿ. ನಮ್ಮ ನೆಂಟರಿಗೆಲ್ಲ ಮಾವನ ಕಾರ್ಖಾನೆಗೆ ದಾರಿ ಹೇಳುವುದು ಬಹಳ ಸುಲಭವಾಗಿತ್ತು: "ಹಡಗಿನ ಹತ್ರ ಇಳ್ಕೊಳ್ಳಿ."

ಮಾವನದು ಗೇರ್ ಮಾಡುವ ಸಣ್ಣ ಕಾರ್ಖಾನೆ. ಗೇರಿನ ಹಲ್ಲು ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಆ ದಿನ ಅವನಿಗೆ ಊಟ ಸೇರುತ್ತಿರಲಿಲ್ಲ. ಅತ್ತೆ ಉದ್ದಿನ ವಡೆ ಮಾಡಿದರೆ ತೂತು ನಡುಮಧ್ಯಕ್ಕಿದೆಯಾ ಅಂತ ಕೂದಲೆಳೆ ಅಳೆಯುವ ವರ್ನಿಯರ್ ಹಿಡಿದು ನೋಡಿದ ಮಹಾನುಭಾವ! ಇಂಥವನು, ತುಮಕೂರು ರಸ್ತೆಯಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲದಲ್ಲಿ, ಯಾವುದೋ ರಿಪೇರಿಗೆಂದು ಮಂಗಳೂರಿಗೆ ಹೋಗಿ ಟ್ರೇಲರ್ ಮೇಲೆ ಒಂದು ಟಗ್ ಹೇರಿಕೊಂಡು ಬಂದ. ಟಗ್ ಅಂದರೆ ಬಂದರಿನಲ್ಲಿ ದೊಡ್ಡ ಹಡಗುಗಳನ್ನು ಹಗ್ಗ ಕಟ್ಟಿ ಎಳೆದು, ಮೂತಿಯಿಂದ ನೂಕಿ ದಡ ಮುಟ್ಟಿಸುವ ಗಿಡ್ಡನೆಯ, ಗಟ್ಟಿಮುಟ್ಟಾದ ದೋಣಿ. ವರ್ಷಗಟ್ಟಲೆ ದುಡಿದು, ತುಕ್ಕು ಹಿಡಿದು, ನಿವೃತ್ತಿಯಾಗಿತ್ತು. ಅದನ್ನು ದೂರಪ್ರಯಾಣದ ವಿಹಾರನೌಕೆಯಾಗಿ ಮಾಡಿ ಹೆಂಡತಿಯ ಜೊತೆ ಅಂಡಮಾನಿಗೆ ಹೋಗುವುದು ಮಾವನ ಯೋಜನೆ!

"ಅಲ್ಲ ಮಾವ, ಮಂಗಳೂರಲ್ಲೇ ಮಾಡಿಸ್ಬಹುದಿತ್ತಲ್ಲ?" ಅಂದೆ.

"ಮಂಗಳೂರಲ್ಲಿ ಸಮುದ್ರ ಇದೆ ಕಣೇ. ನನ್ನ ಲೇತ್ ಇಲ್ವಲ್ಲ!"

ನಾನು ಜಾಲಹಳ್ಳಿಯ ಶಾಲೆಯೊಂದರಲ್ಲಿ ಭೂಗೋಳ ಕಲಿಸುತ್ತಿದ್ದೆ. ಅಷ್ಟು ಅರ್ಹತೆ ಸಾಕು ಅಂತ ನನ್ನನ್ನು ದಾರಿ ತೋರಿಸುವ ಅಧಿಕಾರಿಯಾಗಿ ನೇಮಿಸಿಬಿಟ್ಟ.

ಊಟದ ಕ್ಯಾರಿಯರ್ ಹಿಡಿದು ಬಂದ ಅತ್ತೆ ಟಗ್ಗನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. "ನೀವು ಓಡಿಸೋ ಯಾವ ಗಾಡಿಗೂ ನಾನು ಹತ್ತಲ್ಲ ಅಂತ ಅವತ್ತೇ ಹೇಳಿದ್ದೀನಿ. ಇದಕ್ಕೂ ಅಷ್ಟೇ," ಅಂದವಳೇ ಕ್ಯಾರಿಯರ್ ಇಟ್ಟು ಹೊರಟೇಹೋದಳು.

'ಅವತ್ತು' ಅಂದರೆ ಯಾವತ್ತು? ಮದುವೆಯಾದ ಹೊಸತು. ಅತ್ತೆಗೆ ಗಾಡಿ ಓಡಿಸುವ ಆಸೆ. ಮಾವ ಸ್ಕೂಟರ್ ಕಲಿಸಲು ಹಿಂದೆ ಕೂತ. ಕೂತವನು ಬಾಯಿ ಮುಚ್ಚಿಕೊಂಡು ಕೂತನೇ? "ಕ್ಲಚ್ಚು! ಬ್ರೇಕು! ಬ್ರೇಕೂ!" ಅಂತ ಕಿವಿಯಲ್ಲಿ ಕೂಗಿದ ಕೂಗಿಗೆ ಸ್ಕೂಟರ್ ಸೀದಾ ಎಳನೀರಿನ ಗಾಡಿಗೆ ಗುದ್ದಿತು. ಇಬ್ಬರಿಗೂ ಏನೂ ಆಗಲಿಲ್ಲ. ಆದರೆ ಉರುಳಿದ ಎಳನೀರುಗಳ ಮಧ್ಯೆ ನಿಂತು, ನೆರೆದ ಜನರ ಮುಂದೆ ಮಾವ, "ಇಳಿ, ಇದೆಲ್ಲ ನಿನ್ನ ಕೈಲಾಗಲ್ಲ!" ಅಂದುಬಿಟ್ಟ. ಅತ್ತೆ ನಡೆದುಕೊಂಡೇ ಮನೆಗೆ ಬಂದಳು. ಆಮೇಲೆ ಅವಳು ಗಾಡಿ ಮುಟ್ಟಲಿಲ್ಲ, ಮಾವನ ಹಿಂದೆಯೂ ಕೂರಲಿಲ್ಲ. ಒಂದೇ ಮದುವೆಮನೆಗೆ ಅವನು ಸ್ಕೂಟರಿನಲ್ಲಿ, ಅವಳು ಬಸ್ಸಿನಲ್ಲಿ!

ಹಾಗಾಗಿ ಟಗ್ ತೇಲುತ್ತದೋ ಇಲ್ಲವೋ ಅನ್ನುವುದಕ್ಕಿಂತ ಅತ್ತೆ ಹತ್ತುತ್ತಾಳೋ ಇಲ್ಲವೋ ಅನ್ನುವುದೇ ಮಾವನ ದೊಡ್ಡ ಚಿಂತೆಯಾಯಿತು. ಅವಳನ್ನು ಒಲಿಸಲು ಏನೇನು ಮಾಡಿದ ಅಂತೀರಿ! ಎಂಥ ಅಲೆ ಬಂದರೂ ಓರೆಯಾಗದ ದೋಸೆಕಲ್ಲು, ತುಳಸಿ ಕುಂಡಕ್ಕೆ ಕಬ್ಬಿಣದ ಕಟ್ಟೆ, ದೊಡ್ಡ ದೊಡ್ಡ ಹಡಗುಗಳನ್ನು ಎಳೆದ ಕೊಕ್ಕೆಗೆ ಬಟ್ಟೆ ಒಣಗಿಸುವ ಹಗ್ಗ!

"ಇವತ್ತು ಗ್ರೈಂಡರ್ ಕೂರಿಸ್ದೆ ಕಣೇ."

"ಸಂತೋಷ. ನೀವೇ ರುಬ್ಕೊಳ್ಳಿ."

ಆಯುಧಪೂಜೆ ಬಂತು. ಪೀಣ್ಯದಲ್ಲಿ ಅವತ್ತು ಸ್ಪ್ಯಾನರಿಗೂ ಕುಂಕುಮ. ಪುರೋಹಿತರು ನಿಂಬೆಹಣ್ಣು ಹಿಡಿದು ಟಗ್ಗನ್ನು ಮೂರು ಸುತ್ತು ಬಂದರು. "ಇದಕ್ಕೆ ಟೈರೇ ಇಲ್ವಲ್ಲ ಸ್ವಾಮಿ, ನಿಂಬೆಹಣ್ಣು ಎಲ್ಲಿಡೋದು?" ಮಾವ ಅರ್ಧ ಗಂಟೆ ಯೋಚಿಸಿ, "ಮೇಲೆ ಬನ್ನಿ, ಸ್ಟೇರಿಂಗ್ ಮುಂದೆ ಇಡಿ," ಅಂದ. ಎಲ್ಲರೂ ಹತ್ತಿದೆವು. ಆಗ ನೋಡಿ ಗುಟ್ಟು ರಟ್ಟಾಯಿತು! ಗದಗದ ಕಡೆಯ ವೆಲ್ಡರ್ ಬಸಣ್ಣ, ಮಾವ ತಾನೇ ಅಳೆದು ಕೂರಿಸಿದ್ದ ಸ್ಟೇರಿಂಗ್ ಹಿಡಿದು ನೋಡಿ, "ಸಾಹೇಬ್ರ, ಇದು ಭಾಳ ಕೆಳಗ ಆಗೇತ್ರಿ. ಹಿಡಿಯಾಕ ಬೆನ್ನು ಬಗ್ಗಿಸಬೇಕು," ಅಂದ. ಎದುರಿನ ಕಿಟಕಿಯೂ ಅಷ್ಟೇ ಕೆಳಗೆ. ಆರಡಿ ಎತ್ತರದ ಮಾವ ಅಲ್ಲಿ ನಿಂತರೆ ಕಿಟಕಿಯ ಮೇಲಿನ ತಗಡು ಮಾತ್ರ ಕಾಣುತ್ತಿತ್ತು. ಕೂದಲೆಳೆ ತಪ್ಪದವನು ಒಂದಡಿ ತಪ್ಪಿದ್ದ! ಪೀಣ್ಯಕ್ಕೆ ಪೀಣ್ಯವೇ ನಕ್ಕಿತು. ಮಾವ ಮಾತ್ರ, "ಇರ್ಲಿ ಬಿಡ್ರಪ್ಪ," ಅಂತ ಚುರುಮುರಿ ಹಂಚಲು ಹೋದ.

ಮುಂದಿನ ವರ್ಷ ಟಗ್ಗು ಹೊಸ ಬಣ್ಣ ಬಳಿದುಕೊಂಡು ಮತ್ತೆ ಟ್ರೇಲರ್ ಏರಿ ಮಂಗಳೂರು ಸೇರಿತು. ಅತ್ತೆಯೂ ಬಂದಳು, ಬೇರೆ ಬಸ್ಸಿನಲ್ಲಿ. "ಮುಳುಗೋದನ್ನ ಮನೆಯವರು ಯಾರಾದ್ರೂ ನೋಡ್ಬೇಕಲ್ಲ!" ಕ್ರೇನು ಅದನ್ನು ಅಳಿವೆಯ ಹತ್ತಿರ ನದಿಗಿಳಿಸಿತು. ಏನಾಶ್ಚರ್ಯ, ತೇಲಿತು! ದೋಣಿ ಓಡಿಸುವ ಲೈಸೆನ್ಸ್ ಇದ್ದ, ಆ ಊರಿನ ಹಿರಿಯ ಚಾಲಕರೊಬ್ಬರು ಮೊದಲು ಹತ್ತಿದರು. "ಇದೆಂತ ಮಾರಾಯ್ರೆ, ಸ್ಟೇರಿಂಗ್ ಮಕ್ಕಳಿಗೆ ಮಾಡಿದ್ದಾ?" ಅಂದರು.

ಮಾವ ತಾನೂ ಹತ್ತಿ, ದಡದಲ್ಲಿದ್ದ ಅತ್ತೆಯ ಕಡೆ ಕೈ ಚಾಚಿ, "ಬಾರೇ," ಅಂದ.

"ನೀವು ಓಡಿಸೋದಕ್ಕೆ ನಾನು ಹತ್ತಲ್ಲ ಅಂದಿಲ್ವಾ?"

"ನಾನು ಓಡಿಸ್ತೀನಿ ಅಂತ ಯಾರು ಹೇಳಿದ್ರು?"

ಅತ್ತೆ ಅವನ ಮುಖವನ್ನೇ ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಹತ್ತಿದಳು. ನಾಲ್ಕಡಿ ಹತ್ತಂಗುಲದ ನನ್ನ ಅತ್ತೆಯ ಕೈಗೆ ಆ ಸ್ಟೇರಿಂಗ್ ಸರಿಯಾಗಿ ಸಿಕ್ಕಿತು. ಕಿಟಕಿ ಸರಿಯಾಗಿ ಅವಳ ಕಣ್ಣಿನ ಮಟ್ಟಕ್ಕಿತ್ತು. ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

"ಅವತ್ತು ಜನರ ಮುಂದೆ ಹಾಗೆ ಅನ್ನಬಾರದಿತ್ತು ಕಣೇ," ಅಂದ ಮಾವ. "ನಿನ್ನ ಕೈಲಾಗುತ್ತೆ. ಇಲ್ಲಿ ಎಳನೀರು ಗಾಡಿನೂ ಇಲ್ಲ, ನಾನೂ ಕೂಗಲ್ಲ."

ಚಾಲಕರು ಪಕ್ಕದಲ್ಲಿ ನಿಂತು ಹೇಳಿಕೊಟ್ಟರು. ಟಗ್ಗು ಹೊರಟಿತು. ನಾನೂ ಮಾವನೂ ಹಿಂದಿನ ಬೆಂಚಿನಲ್ಲಿ ಕೂತೆವು. ಎದುರಿನಿಂದ ಮೀನಿನ ದೋಣಿಯೊಂದು ಬರುವುದು ಕಂಡಿತು. ಮಾವ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಅತ್ತೆ ನಿಧಾನವಾಗಿ ಸ್ಟೇರಿಂಗ್ ತಿರುಗಿಸಿದಳು. ಮೀನಿನ ದೋಣಿ ಆರಾಮವಾಗಿ ಪಕ್ಕದಲ್ಲಿ ಹಾದುಹೋಯಿತು.

ಅತ್ತೆ ತಿರುಗಿ ನೋಡದೆಯೇ ಹೇಳಿದಳು: "ಪರವಾಗಿಲ್ಲ, ಒಂದ್ಸಲ 'ಬ್ರೇಕು' ಅಂತ ಕೂಗಿಬಿಡಿ. ಇಲ್ದಿದ್ರೆ ತಿಂದಿದ್ದು ಅರಗಲ್ಲ ನಿಮಗೆ."

ಮಾವ ಕೈ ತೆಗೆದು ಬಾಯಿ ತೆರೆದ. 'ಬ್ರೇಕು' ಬದಲು ಕಣ್ಣೀರು ಬಂತು. ಅಂಡಮಾನಿಗೆ ದಾರಿ ತೋರಿಸಬೇಕಾಗಿದ್ದ ನಾನೂ ಅಳುತ್ತ ಕೂತಿದ್ದೆ.