ಸ್ಥಿತಿವಂತನ ಮನೆ

ಹತ್ತು ಮಹಡಿಯ ಕಚೇರಿಯಲ್ಲಿ ದಿನವಿಡೀ ಲಿಫ್ಟ್ ನಡೆಸಿ, ಕಂಡವರನ್ನೆಲ್ಲ ಮೇಲಕ್ಕೇರಿಸಿ, ತಾನು ಮಾತ್ರ ನೆಲಮಾಳಿಗೆಯ ಸಂಬಳದಲ್ಲೇ ಉಳಿದವನು ಲಿಫ್ಟಣ್ಣ. ಆದರೂ ಉಚಿತ ಪಡಿತರಕ್ಕೆ ಸರ್ಕಾರ ಗೊತ್ತುಮಾಡಿದ ಆದಾಯದ ಮಿತಿಗಿಂತ ಅವನ ಸಂಬಳ ಕೂದಲೆಳೆಯಷ್ಟು ಹೆಚ್ಚು. ಓಣಿಗೆಲ್ಲ ಅಕ್ಕಿ ಬರುತ್ತಿತ್ತು. ಅವನಿಗೆ ‘ಸ್ಥಿತಿವಂತ’ ಎಂಬ ಬಿರುದು. ಬಿರುದನ್ನು ಬೇಯಿಸಿ ಉಣ್ಣಲಾಗದು. ಹೆಂಡತಿ ಇದ್ದುದನ್ನು ಮಗಳಿಗೆ ಬಡಿಸಿ, ತನಗೆ ಹಸಿವಿಲ್ಲವೆಂದು ಮಲಗುತ್ತಿದ್ದಳು.

ಸರ್ಕಾರ ಆ ಮಿತಿಯನ್ನು ಏರಿಸಿದ್ದೇ ತಡ, ಲಿಫ್ಟಣ್ಣ ಗುಟ್ಟಾಗಿ ಅರ್ಜಿ ಹಾಕಿದ. ಬಿರುದು ಕಳಚಿಡುವುದನ್ನು ನೆರೆಹೊರೆಗೆ ಹೇಳಲು ನಾಚಿಕೆ.

ಪಡಿತರ ಇಲಾಖೆಯ ಮನೆ ತಪಾಸಣೆಯ ದಿನ ಹೆಂಡತಿ, ಮಗಳು ನೆಂಟರ ಮನೆಗೆ ಹೋಗಿದ್ದರು. ಎಂದಿನಂತೆ ಬೀಗದಕೈಯನ್ನು ಪಕ್ಕದ ಮನೆಯ ಅಜ್ಜಿಗೆ ಕೊಟ್ಟು ಕೆಲಸಕ್ಕೆ ಹೋದವನು, ಮಧ್ಯಾಹ್ನ ರಜೆ ಪಡೆದು ಬಂದು ಓಣಿಯ ಬಾಯಲ್ಲೇ ತಪಾಸಣೆಯವನನ್ನು ಎದುರುಗೊಂಡ.

“ಮೊದಲು ನಮ್ಮನೆಗೇ ಬನ್ನಿ ಸಾರ್. ನೋಡೋಕೆ ಏನೂ ಇಲ್ಲ, ಬೇಗ ಮುಗಿಯುತ್ತೆ.”

ಬೀಗದಕೈ ಮರಳಿ ಕೊಡುವಾಗ ಅಜ್ಜಿ ಮಾಡಿದ ಕಣ್ಸನ್ನೆಯನ್ನು ಅವನು ಹಾರೈಕೆಯೆಂದೇ ತಿಳಿದ.

ಬಾಗಿಲು ತೆರೆದರೆ, ಆ ಒಂದೇ ಕೋಣೆಯಲ್ಲಿ ನಾಲ್ಕು ಫ್ರಿಜ್‌ಗಳು ಮುನಿಸಿಕೊಂಡ ಬೀಗರಂತೆ ಗೋಡೆಗೊರಗಿ ನಿಂತಿದ್ದವು. ಫ್ರಿಜ್ ಇದ್ದವರಿಗೆ ಪಡಿತರವಿಲ್ಲ ಎಂಬುದು ನಿಯಮ. ತಪಾಸಣೆ ಬಂದಾಗಲೆಲ್ಲ ಅವನ್ನು ಯಾರೂ ತಪಾಸಣೆ ಮಾಡದ ಸ್ಥಿತಿವಂತನ ಮನೆಗೆ ಸಾಗಿಸುವುದು ಓಣಿಯ ರೂಢಿ; ಅರ್ಜಿಯ ಧಾವಂತದಲ್ಲಿ ಅವನು ಅದನ್ನೇ ಮರೆತಿದ್ದ. ಅವನ ಗುಟ್ಟು ಅವನಿಗೇ ಉರುಳಾಗಿತ್ತು.

“ಇವೆಲ್ಲ ಯಾರವು?”

ಬಾಗಿಲಲ್ಲಿ ಓಣಿಯೇ ನೆರೆದಿತ್ತು. ಅಜ್ಜಿಯ ಕಂಕುಳಲ್ಲಿ ಮೊಮ್ಮಗು ಬೆರಳು ಚೀಪುತ್ತಿತ್ತು. ನಿಜ ಹೇಳಿದರೆ ನಾಲ್ಕು ಮನೆಯ ಅನ್ನಕ್ಕೆ ಕಲ್ಲು ಬೀಳುತ್ತದೆ. ಲಿಫ್ಟಣ್ಣ ತಪಾಸಣೆಯವನತ್ತ ತಿರುಗಿದ.

“ನಮ್ಮವೇ ಸಾರ್.”

“ನಾಲ್ಕು ಫ್ರಿಜ್?”

“ನಂಗೆ ಸ್ವಲ್ಪ ಸೆಕೆ ಜಾಸ್ತಿ.”

ಅರ್ಜಿ ಅಲ್ಲಿಯೇ ವಜಾ ಆಯಿತು. ಸಂಜೆ ಎಲ್ಲರೂ ತಮ್ಮ ತಮ್ಮ ಫ್ರಿಜ್ ಹೊತ್ತೊಯ್ದರು. ಅಜ್ಜಿ ಕೊನೆಯಲ್ಲಿ ಒಂದಿಷ್ಟು ನಿಂತು ಸಮಾಧಾನ ಹೇಳಿದಳು: “ಬೇಜಾರು ಮಾಡ್ಕೋಬೇಡಪ್ಪ. ನೀನೂ ನಮ್ಮ ಥರಾನೇ ಆಗಿಬಿಟ್ಟಿದ್ರೆ ನಾವೆಲ್ಲಿಗೆ ಹೋಗಬೇಕಿತ್ತು?”

ಖಾಲಿ ನೆಲದ ಮೇಲೆ ಫ್ರಿಜ್‌ಗಳ ಕಾಲಿನ ಗುರುತುಗಳಷ್ಟೇ ಉಳಿದವು. ಮನೆಗೆ ಮರಳಿದ ಹೆಂಡತಿ ಅವನ ಮುಖ ನೋಡಿದಳು. ಮಗಳಿಗೆ ಬಡಿಸಿ, ತನಗೆ ಹಸಿವಿಲ್ಲವೆಂದಳು.

ಕದ ತಟ್ಟಿದ ಸದ್ದಾಯಿತು. ಹೊಸ್ತಿಲಲ್ಲಿ ಅದೇ ತಪಾಸಣೆಯವನು. ಅವನ ಹಿಂದೆ ಕೈಗಾಡಿಯ ಮೇಲೆ ಬೆಡ್‌ಶೀಟು ಹೊದ್ದ ಎತ್ತರದ ಆಕೃತಿ.

“ಅವು ನಿಮ್ಮವಲ್ಲ ಅಂತ ನಂಗೂ ಗೊತ್ತಿತ್ತು ಅಣ್ಣ,” ಎಂದು ಅವನು ದನಿ ತಗ್ಗಿಸಿದ. “ನಂದೂ ಗುತ್ತಿಗೆ ಕೆಲಸ. ಮಿತಿ ಏರಿಸಿದ ಮೇಲೆ ನಾನೂ ಅರ್ಜಿ ಹಾಕಿದೀನಿ. ನಾಳೆ ನಮ್ಮನೆ ತಪಾಸಣೆ. ಒಳಗೆ ಜಾಗ ಇದೆಯಾ?”

ಲಿಫ್ಟಿನ ಬಾಗಿಲಲ್ಲಿ ವರ್ಷಗಟ್ಟಲೆ ಕೇಳಿಸಿಕೊಂಡ ಪ್ರಶ್ನೆ ಅದು. ಲಿಫ್ಟಣ್ಣನ ಬಾಯಿ ಅವನ ಅಪ್ಪಣೆಗೆ ಕಾಯಲಿಲ್ಲ.

“ಇದೆ ಸಾರ್. ಬನ್ನಿ.”