ಬೆಳ್ಳುಳ್ಳಿ ನಾರುವ ಗಿಡ ಮತ್ತು ನಮ್ಮ ಟೀಚರಮ್ಮ

ನಮ್ಮನೆ ಹಿತ್ತಲಲ್ಲಿ ಒಂದು ಗಿಡ ಐತೆ. ಅದರ ಹತ್ತಿರ ಯಾರು ಸುಳಿದರೂ ಏನಾದರೊಂದು ಎಡವಟ್ಟು ಆಗದೆ ಇರಲ್ಲ. ತಂದು ನೆಟ್ಟವಳು ನನ್ನ ಹೆಂಡತಿ. ಪೆನ್ನಾಗರಂ ಕಡೆಯವಳು, ಸೇಲಂನ ಒಂದು ಶಾಲೆಯಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತಿದ್ದಳು. ಅವಳು ಹೋಗಿ ಎರಡು ಮಳೆಗಾಲ ಕಳೆಯಿತು. ಲೋಕದಲ್ಲಿ ಎಲ್ಲರೂ ಹೆಂಡತಿಯ ನೆನಪಿಗೆ ಮಲ್ಲಿಗೆ ಮೂಸಿದರೆ, ನಾನು ಈ ಗಿಡದ ಎಲೆ ಹಿಸುಕಿ ಬೆಳ್ಳುಳ್ಳಿ ವಾಸನೆ ಮೂಸುತ್ತೇನೆ.

ಘಾಟ್ ರೋಡಿನಲ್ಲಿ

ಆಗ ನಾನು ಏರ್ಕಾಡ್ ಬೆಟ್ಟಕ್ಕೆ ಹೋಗುವ ಬಸ್ಸಿನ ಕಂಡಕ್ಟರ್. ಒಂದು ಭಾನುವಾರ ಅವಳು ಮೇಲಿನ ಎಸ್ಟೇಟ್ ಒಂದರಿಂದ ಈ ಸಸಿ ತಂದು, ಚೀಲದಲ್ಲಿಟ್ಟು ಸೀಟಿನ ಕೆಳಗೆ ತಳ್ಳಿದಳು.

"ಪೆಟಿವೇರಿಯಾ ರೀ. ಅಮೆರಿಕದ ಬಿಸಿ ಸೀಮೆಯದು. ಬುಡ ಮಾತ್ರ ಕಟ್ಟಿಗೆ, ಮೇಲೆಲ್ಲ ಮೆತ್ತಗೆ," ಅಂದಳು, ಮೊಮ್ಮಗು ಸಿಕ್ಕಷ್ಟು ಖುಷಿಯಲ್ಲಿ.

ತಿರುವಿನಲ್ಲಿ ಯಾರೋ ಚೀಲ ತುಳಿದರು. ಜಜ್ಜಿದ ತಕ್ಷಣ ಎಲೆ, ಬೇರು ಎಲ್ಲ ಬೆಳ್ಳುಳ್ಳಿ ನಾತ. ಬಸ್ಸಿನವರು ಒಬ್ಬರ ಮುಖ ಒಬ್ಬರು ನೋಡತೊಡಗಿದರು. ಒಬ್ಬ ತಾತ ತಮಿಳಿನಲ್ಲಿ ರೇಗಿದ: "ಯಾರಮ್ಮ ಬಸ್ಸಲ್ಲಿ ಪೂಂಡು ಜಜ್ಜೋದು?"

ನಮ್ಮ ಟೀಚರಮ್ಮ ಎದ್ದು ನಿಂತು, ಕ್ಲಾಸಿನ ದನಿಯಲ್ಲಿ, "ಒನ್ನುಮಿಲ್ಲೆ ತಾತಾ, ಇದು ಒರು ಪೂಂಡು, ಅವ್ವಳವುದಾನ್," ಅಂದಳು.

ಏನಿಲ್ಲ, ಒಂದು ಪುಟ್ಟ ಗಿಡ ಅಷ್ಟೇ ಅನ್ನೋದು ಅವಳ ಅರ್ಥ. ಆದರೆ ತಮಿಳಿನಲ್ಲಿ ಪೂಂಡು ಅಂದರೆ ಪುಟ್ಟ ಗಿಡವೂ ಹೌದು, ಬೆಳ್ಳುಳ್ಳಿಯೂ ಹೌದು.

"ಅದನ್ನೇ ಅಲ್ವೇನಮ್ಮ ನಾನೂ ಹೇಳ್ತಿರೋದು!" ಅಂದ ತಾತ.

ಪಾಯಸ

ಪಕ್ಕದ ಮನೆಯಾಕೆಯ ಹಸು ಒಂದು ದಿನ ಬೇಲಿ ನುಗ್ಗಿ ಅರ್ಧ ಗಿಡ ಮೇಯ್ದಿತು. "ಈವತ್ತು ಹಾಲು ಮುಟ್ಟಬೇಡಿ, ವಾಸನೆ ಬರುತ್ತೆ," ಅಂತ ನನ್ನ ಹೆಂಡತಿ ಹೇಳಿ ಬರುವಷ್ಟರಲ್ಲಿ ಅಲ್ಲಿ ಹೆಣ್ಣು ನೋಡೋಕೆ ಬಂದವರ ಕೈಗೆ ಪಾಯಸ ಸೇರಿತ್ತು.

ಗಂಡಿನ ಅಪ್ಪ ಒಂದು ಗುಟುಕು ಕುಡಿದು, "ಪಾಯಸಕ್ಕೂ ಒಗ್ಗರಣೆ ಆಕ್ತೀರಾ ನಿಮ್ಮಲ್ಲಿ?" ಅಂದರು. ಗಂಡು ಮಾತ್ರ ಲೋಟ ಖಾಲಿ ಮಾಡಿ, "ಇನ್ನೊಂಚೂರು ಐತಾ?" ಅಂದ.

ಹುಡುಗಿ ಒಳಗಿಂದಲೇ ಕೂಗಿದಳು: "ಅವ್ವಾ, ಇವರೇ ಸಾಕು!"

ಹೆಡ್‌ಮಾಸ್ಟರ ಪಂಚೆ

ಹೆಂಡತಿ ತೀರಿಕೊಂಡ ವಾರದಲ್ಲಿ ಅವಳ ಶಾಲೆಯ ಹೆಡ್‌ಮಾಸ್ಟರು ಮಾತಾಡಿಸಲು ಬಂದರು. ಅವರೂ ಕನ್ನಡದವರು. ಮನೆ ತುಂಬ ಜನ. ಇಬ್ಬರೂ ಹಿತ್ತಲಿಗೆ ಹೋದೆವು. ಅವರು ಗಿಡಕ್ಕೆ ತಾಗಿದ ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಅತ್ತರು.

"ಸ್ಟಾಫ್ ಮೀಟಿಂಗಲ್ಲಿ ನನ್ನನ್ನ ಎದುರಿಸ್ತಿದ್ದೋರು ಅವರೊಬ್ಬರೇ ಸಾರ್. ಈಗ ಮೀಟಿಂಗೇ ಸಪ್ಪೆ."

ಎದ್ದರು. ನೋಡಿದರೆ ಬಿಳಿ ಪಂಚೆಯ ಹಿಂಭಾಗವೆಲ್ಲ ಬೀಜ! ಆ ಗಿಡದ ಸಪೂರ ತೆನೆಯಲ್ಲಿ ಅಕ್ಕಿನುಚ್ಚಿನಂಥ ಬಿಳಿ ಹೂ ಉದುರಿದ ಮೇಲೆ ಕಡ್ಡಿಯಂಥ ಬೀಜ ನಿಲ್ಲುತ್ತವೆ. ಒಂದೊಂದರ ತುದಿಗೂ ಕೆಳಕ್ಕೆ ಬಾಗಿದ ಕೊಕ್ಕೆ. ಕೊಡವಿದರೆ ಹೋಗಲ್ಲ, ಒಂದೊಂದಾಗಿ ಬಿಡಿಸಬೇಕು. ನನ್ನ ಸೀರೆಯ ಬೀಜ ಬಿಡಿಸಿಕೊಡಿ ಅಂತ ಅವಳು ದಿನಾ ನನ್ನ ಮುಂದೆ ಸೆರಗು ಹಿಡಿಯುತ್ತಿದ್ದಳು. ಅದು ನೆನಪಾಗಿ ನನಗೂ ಅಳು ತಡೆಯಲಿಲ್ಲ. ಬಗ್ಗಿ, ಹೆಡ್‌ಮಾಸ್ಟರ ಹಿಂದೆ ಕೂತು, ಅಳುತ್ತಾ ಬೀಜ ಕೀಳತೊಡಗಿದೆ. ಅವರೂ ಗೋಡೆ ಹಿಡಿದು ನಿಂತು ಅಳುತ್ತಿದ್ದರು.

ಆಗಲೇ ಪಕ್ಕದ ಮನೆಯಾಕೆ ಕಾಫಿ ಹಿಡಿದು ಬಂದಳು. ನೋಡಿ ಅಲ್ಲೇ ನಿಂತಳು.

"ಅಣ್ಣಾ, ದುಕ್ಕ ಐತೆ, ಒಪ್ಕೊಂತೀನಿ. ಅದಕ್ಕೆ ಅಲ್ಲಿಗಾ ಕೈ ಆಕೋದು?"

ನಾವಿಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಹೆಂಡತಿ ತೀರಿಕೊಂಡ ಮೇಲೆ ನಾನು ನಕ್ಕಿದ್ದು ಅದೇ ಮೊದಲು. ನಗುನಗುತ್ತಲೇ ಅಭ್ಯಾಸಬಲದಿಂದ ಅಡುಗೆಮನೆ ಕಡೆ ತಿರುಗಿ, "ಲೇ, ಕೇಳಿಸ್ಕೊಂಡ್ಯಾ?" ಅಂತ ಕೂಗಿಬಿಟ್ಟೆ.



ಹೆಡ್‌ಮಾಸ್ಟರು ತಿರುಗದೆ, ಗೋಡೆ ನೋಡುತ್ತಲೇ ಹೇಳಿದರು: "ಕೇಳಿಸಿರುತ್ತೆ ಸಾರ್. ನೀವು ಬೀಜ ಬಿಡಿಸಿ."