ಲಂಡನ್ ದಾರಿಯಲ್ಲಿ ಎದುರುಮನೆಯ ಬೀಗ

ಟಿಕೆಟ್ ಮಾಡಿಕೊಡುವ ಕೆಲಸದಲ್ಲಿ ನಗೆಗೇನೂ ಬರವಿಲ್ಲ. ಎಂಬತ್ತರ ದಶಕದಲ್ಲಿ ನಾನು ಆರ್.ಟಿ. ನಗರದ ಒಂದು ಪುಟ್ಟ ಟ್ರಾವೆಲ್ಸ್ ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. ದಿನಕ್ಕೊಂದಾದರೂ ಎಡವಟ್ಟು ನಡೆಯುತ್ತಿತ್ತು. ನಡೆಯದ ದಿನ ನಾನೇ ಏನಾದರೂ ಮಾಡಿಟ್ಟಿರುತ್ತಿದ್ದೆ. ಆದರೆ ಒಬ್ಬರೇ ಪ್ರಯಾಣಿಕರಿಂದ ಇಷ್ಟೆಲ್ಲ ನಡೆದದ್ದು ಒಂದೇ ಸಲ.

ಬಲ್ಲವರ ಸಲಹೆ

ಅವರು ವಿದ್ಯಾರಣ್ಯಪುರದಲ್ಲಿ ಮಕ್ಕಳಿಗೆ ಲೆಕ್ಕದ ಪಾಠ ಹೇಳುತ್ತಿದ್ದ ಟೀಚರ್. ಸೀರೆ, ಉದ್ದ ಜಡೆ. ಮೇಜಿನ ಮೇಲಿಟ್ಟ ಪಾಸ್‌ಪೋರ್ಟ್ ತೆರೆದರೆ ಅದರಲ್ಲಿ ಮೀಸೆ ಹೊತ್ತ ಒಬ್ಬ ಯುವಕ. ನಾನು ಫೋಟೋ ನೋಡಿ ಅವರನ್ನು ನೋಡಿದೆ. ಅವರೇ ಶಾಂತವಾಗಿ ಹೇಳಿದರು. ಹುಟ್ಟಿದಾಗ ಗಂಡು ಎಂದು ಬರೆಸಿದ್ದರಂತೆ, ತಾನು ಹೆಣ್ಣೆಂದು ಅವರಿಗೆ ಚಿಕ್ಕಂದಿನಿಂದಲೂ ಗೊತ್ತಂತೆ. ದೇಹವನ್ನೂ ಹಾಗೆ ಮಾಡಿಸಿಕೊಳ್ಳಲು ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ದಿನ ಸಿಕ್ಕಿತ್ತು. ಆ ದಿನ ತಪ್ಪಿದರೆ ಮತ್ತೆ ಎರಡು ವರ್ಷ ಕಾಯಬೇಕು.

"ಲಂಡನ್‌ಗೆ ಹೋಗೋದು ದೊಡ್ಡದಲ್ಲ ಕಣ್ರೀ," ಎಂದರು. "ಹೊರಡೋ ಕಡೆ, ಅಲ್ಲಿ ಇಳಿಯೋ ಕಡೆ ಆಸ್ಪತ್ರೆ ಕಾಗದ ತೋರಿಸಿದ್ರೆ ಆಯ್ತು. ಮಧ್ಯೆ ಯಾವ ಊರಲ್ಲಿ ಇಳಿಸ್ತಾರೆ ಅನ್ನೋದೇ ಭಯ. ಈ ಫೋಟೋ ನೋಡಿ ಯಾರಾದ್ರೂ ಹಿಡಿದು ಕೂರಿಸಿದ್ರೆ ನನ್ನ ದಿನ ಹೋಯ್ತು."

ನಮ್ಮ ಯಜಮಾನರು ಮೂರು ಕಡೆ ಇಳಿದು ಹತ್ತುವ ಒಂದು ಟಿಕೆಟ್ಟನ್ನು ಎಲ್ಲರಿಗೂ ದಾಟಿಸುತ್ತಿದ್ದರು. ಅದು ಬೇಡವೆಂದು ನಾನು ಗಟ್ಟಿಯಾಗಿ ವಾದಿಸಿದೆ. ಹೆಬ್ಬಾಳದಲ್ಲಿ ಬಸ್ ಬದಲಾಯಿಸುವಾಗಲೇ ಮನುಷ್ಯ ಅರ್ಧ ಸಾಯುತ್ತಾನೆ, ಇನ್ನು ಮೂರು ದೇಶದಲ್ಲಿ ವಿಮಾನ ಬದಲಾಯಿಸುವುದೆಂದರೇನು ಎಂದೆ. ಟೀಚರ್‌ಗೆ ನನ್ನ ಮೇಲೆ ಗೌರವ ಮೂಡಿತು. ನೀವು ಎಷ್ಟು ಸಲ ವಿಮಾನದಲ್ಲಿ ಹೋಗಿದ್ದೀರಿ ಎಂದು ಕೇಳಿದರು.

ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಯಶವಂತಪುರದ ಸ್ಟುಡಿಯೋದಲ್ಲಿ ರಟ್ಟಿನ ವಿಮಾನದ ಕಿಟಕಿಯಿಂದ ಮುಖ ಹೊರಗೆ ಹಾಕಿ ಒಂದು ಫೋಟೋ ತೆಗೆಸಿಕೊಂಡಿದ್ದೇನೆ ಎಂದೆ.

ಗುಟ್ಟಿನ ಟ್ರಂಕ್ ಕಾಲ್

ನೇರ ವಿಮಾನವಿದ್ದದ್ದು ಬೊಂಬಾಯಿಯಿಂದ. ಅದೂ ದಾರಿಯಲ್ಲಿ ಒಂದು ಊರಿನಲ್ಲಿ ಎಣ್ಣೆ ತುಂಬಿಸಲು ನಿಲ್ಲುತ್ತಿತ್ತು. ಅಲ್ಲಿ ಪ್ರಯಾಣಿಕರನ್ನು ಕೆಳಗಿಳಿಸಿ ಪಾಸ್‌ಪೋರ್ಟ್ ನೋಡುತ್ತಾರೋ ಇಲ್ಲವೋ ತಿಳಿಯಬೇಕಿತ್ತು. ವಿಷಯ ಯಾರಿಗೂ ಗೊತ್ತಾಗದಂತೆ ವಿಚಾರಿಸುತ್ತೇನೆ ಎಂದು ಟೀಚರ್‌ಗೆ ಮಾತು ಕೊಟ್ಟು, ಬೊಂಬಾಯಿಯ ವಿಮಾನ ಕಂಪನಿಗೆ ಟ್ರಂಕ್ ಕಾಲ್ ಬುಕ್ ಮಾಡಿದೆ.

ಆ ಕಾಲದ ಟ್ರಂಕ್ ಕಾಲ್ ಬಲ್ಲವರಿಗೆ ಮುಂದಿನದ್ದು ಹೇಳಬೇಕಿಲ್ಲ. ಫೋನಿಲ್ಲದಿದ್ದರೂ ಬೊಂಬಾಯಿಗೆ ಕೇಳಿಸುವಷ್ಟು ಕೂಗಬೇಕಿತ್ತು. ಹೆಸರು ಹೇಳಲಿಲ್ಲ, ಅಷ್ಟು ಬುದ್ಧಿ ಇತ್ತು. ಮಿಕ್ಕಿದ್ದನ್ನೆಲ್ಲ ಕೂಗಿದೆ. ಫೋಟೋದಲ್ಲಿ ಮೀಸೆ ಇದೆ, ಈಗ ಇಲ್ಲ, ಸೀರೆ ಉಡುತ್ತಾರೆ, ಕೆಳಗಿಳಿಸುತ್ತೀರಾ ಎಂದು ನಾಲ್ಕು ಸಲ. ಇಳಿಸುವುದಿಲ್ಲ, ಸೀಟಿನಲ್ಲೇ ಕೂತಿರಬಹುದು ಎಂಬ ಉತ್ತರ ಬರುವಷ್ಟರಲ್ಲಿ ಇಡೀ ಬೀದಿ ನಿಶ್ಶಬ್ದವಾಗಿ ಕೇಳಿಸಿಕೊಳ್ಳುತ್ತಿತ್ತು. ನನಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

ಸಂಜೆ ಟೀಚರ್ ನಗುತ್ತಾ ಒಳಗೆ ಬಂದರು. ಪಕ್ಕದ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದಾಗ, ಗಲ್ಲಾದ ಮೇಲಿದ್ದ ಭಟ್ಟರು ಅವರು ಯಾರೆಂದು ತಿಳಿಯದೆ ಸುದ್ದಿ ಹೇಳಿದರಂತೆ. ಯಾರೋ ಪಾಪ ಲಂಡನ್ನಿಗೆ ಹೋಗುವವರಿದ್ದಾರೆ, ಮಧ್ಯೆ ಇಳಿಸುವುದಿಲ್ಲವಂತೆ, ನಮ್ಮ ಬೀದಿಗೆಲ್ಲ ಈಗ ಸಮಾಧಾನವಾಯಿತು ಎಂದು.

ಪ್ರಸ್ಥಾನ

ಬೆಂಗಳೂರಿನಿಂದ ಸಂಜೆ ಬೊಂಬಾಯಿ ವಿಮಾನ, ಅಲ್ಲಿಂದ ಲಂಡನ್. ದಿನ ಮಂಗಳವಾರ. ಮನೆ ಬಿಡಬೇಕಾದ ಹೊತ್ತು ಸರಿಯಾಗಿ ರಾಹುಕಾಲ. ಟೀಚರ್ ತಾಯಿ ಒಪ್ಪಲಿಲ್ಲ. ಆದರೆ ಹಿರಿಯರು ಇದಕ್ಕೂ ಒಂದು ದಾರಿ ಮಾಡಿಟ್ಟಿದ್ದಾರಲ್ಲ. ಹಿಂದಿನ ದಿನವೇ ಒಳ್ಳೆಯ ಗಳಿಗೆಯಲ್ಲಿ ಒಂದು ಚೀಲವನ್ನು ಬೇರೆಯವರ ಮನೆಯಲ್ಲಿಟ್ಟರೆ ಹೊರಟಂತೆಯೇ ಲೆಕ್ಕ. ಅದೇ ಪ್ರಸ್ಥಾನ. ಮರುದಿನ ಚೀಲ ತೆಗೆದುಕೊಂಡು ಯಾವಾಗ ಬೇಕಾದರೂ ಹೋಗಬಹುದು.

ಸಾಮಾನ್ಯವಾಗಿ ಜನ ಆ ಚೀಲದಲ್ಲಿ ಒಂದು ಪಂಚೆಯನ್ನೋ ಟವೆಲ್ಲನ್ನೋ ಇಡುತ್ತಾರೆ. ಈ ತಾಯಿ ಶಾಸ್ತ್ರದಲ್ಲಿ ಕಟ್ಟುನಿಟ್ಟು. ಪ್ರಯಾಣಕ್ಕೆ ನಿಜವಾಗಿ ಬೇಕಾದ್ದನ್ನೇ ಇಡಬೇಕೆಂದು ಪಾಸ್‌ಪೋರ್ಟ್, ಟಿಕೆಟ್, ಆಸ್ಪತ್ರೆಯ ಕಾಗದ ಮೂರನ್ನೂ ಚೀಲಕ್ಕೆ ಹಾಕಿ, ಅರಿಸಿನ ಕುಂಕುಮ ಹಚ್ಚಿ, ಎದುರುಮನೆಯಲ್ಲಿ ಇಟ್ಟು ಬಂದಿದ್ದರು.

ಬೀಳ್ಕೊಡಲು ನಾನು ಸ್ಕೂಟರಿನಲ್ಲಿ ಹೋದಾಗ ತಾಯಿ ಮಗಳು ಬೀದಿಯಲ್ಲಿ ನಿಂತಿದ್ದರು. ಎದುರುಮನೆಗೆ ಬೀಗ. ಆ ಮನೆಯಾಕೆ ಗೊರಗುಂಟೆಪಾಳ್ಯಕ್ಕೆ ಸೀಮಂತದ ಊಟಕ್ಕೆ ಹೋಗಿದ್ದರು. ಟೀಚರ್ ಮುಖದಲ್ಲಿ ರಕ್ತವಿರಲಿಲ್ಲ.

ಸ್ಕೂಟರ್ ಓಡಿಸಿಕೊಂಡು ಹೋದೆ. ಊಟ ತಡವಾಗಿ ಶುರುವಾಗಿತ್ತು. ಆಕೆ ಪಂಕ್ತಿಯ ನಟ್ಟನಡುವೆ ಕೂತಿದ್ದರು, ಬೀಗದ ಕೈ ಸೊಂಟದಲ್ಲಿ. ಊಟದ ಮಧ್ಯೆ ಒಬ್ಬರು ಎದ್ದರೆ ಪಂಕ್ತಿಗೇ ಅಪಚಾರ ಎಂದು ಬಡಿಸುವವರು ನನ್ನನ್ನು ತಡೆದರು. ಹೋಳಿಗೆಯೇ ಇನ್ನೂ ಬಂದಿರಲಿಲ್ಲ. ಕೊನೆಗೆ ಆಕೆ ಕೂತಲ್ಲೇ ಎಡಗೈಯಲ್ಲಿ ಹೇಗೋ ಬೀಗದ ಕೈ ಬಿಚ್ಚಿ ಎಸೆದರು. "ಸೀಮಂತದ ಮನೆಗೆ ಬಂದೋರು ಬರೀ ಬಾಯಲ್ಲಿ ಹೋಗ್ಬಾರ್ದು ಕಣಪ್ಪಾ," ಎಂದು ಅಡುಗೆಮನೆಯಿಂದ ಒಂದು ಹೋಳಿಗೆಯನ್ನೂ ಕೊಡಿಸಿದರು. ಬಲಗೈಯಲ್ಲಿ ಆಕ್ಸಿಲರೇಟರ್, ಬಾಯಲ್ಲಿ ಹೋಳಿಗೆ, ಹಾಗೆ ವಾಪಸ್ಸು ಬಂದೆ.

ವಿಮಾನ ಒಂದು ಗಂಟೆ ತಡವಾಗಿದ್ದರಿಂದ ಸಿಕ್ಕಿತು. ಲಂಡನ್‌ವರೆಗಿನ ಎಲ್ಲ ನಿಲ್ದಾಣಗಳನ್ನೂ ಜಾಲಾಡಿದ್ದೆ, ಎದುರುಮನೆಯೊಂದನ್ನು ಬಿಟ್ಟಿದ್ದೆ.

ಆರತಿ

ಆಪರೇಷನ್ ಸುಸೂತ್ರವಾಯಿತೆಂದು ಕಾಗದ ಬಂತು. ಅದನ್ನು ನಾನು ಓದಿ ಹೇಳಿದಾಗ ತಾಯಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಇನ್ನುಳಿದದ್ದು ವಾಪಸು ಬರುವುದು. ಬೊಂಬಾಯಿಯಲ್ಲಿ ಫೋಟೋ ನೋಡಿ ಪ್ರಶ್ನೆ ಎದ್ದೇ ಏಳುತ್ತದೆಂದು, ಎರಡು ವಿಮಾನಗಳ ನಡುವೆ ನಾನು ಆರು ಗಂಟೆ ಬಿಟ್ಟಿದ್ದೆ. ಅಲ್ಲಿನ ಅಧಿಕಾರಿ ಲಂಡನ್ ಡಾಕ್ಟರ ಕಾಗದ ಓದಿ, ತಮ್ಮ ಪಾಸ್‌ಪೋರ್ಟಿನ ಫೋಟೋ ನೋಡಿದರೆ ತಮ್ಮ ಹೆಂಡತಿಯೂ ಗುರುತು ಹಿಡಿಯುವುದಿಲ್ಲ ಎಂದು ಹೇಳಿ ಹತ್ತು ನಿಮಿಷದಲ್ಲಿ ಮುದ್ರೆ ಒತ್ತಿದರಂತೆ. ಉಳಿದ ಹೊತ್ತೆಲ್ಲ ಟೀಚರ್ ಬೆಂಚಿನ ಮೇಲೆ ಕೂತು ನನಗೆ ಬೈದುಕೊಂಡರಂತೆ.

ಬೆಂಗಳೂರಿನ ನಿಲ್ದಾಣಕ್ಕೆ ನಾನು ಹೋದಾಗ ತಾಯಿ ಆಗಲೇ ಬಾಗಿಲಲ್ಲಿ ನಿಂತಿದ್ದರು. ಜೊತೆಗೆ ಎದುರುಮನೆಯಾಕೆ. ತಾಯಿ ಆಕೆಯ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದರು. ಬಾಗಿಲಿನ ಪೊಲೀಸಿನವನು ಯಾರಿಗಾಗಿ ಬಂದಿದ್ದೀರಿ ಎಂದು ಕೇಳಿದ.

ನಾಲ್ಕು ಜನರೆದುರು ತಾಯಿ ಆ ಮಾತು ಆಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ನನ್ನ ಟ್ರಂಕ್ ಕಾಲಿನಷ್ಟೇ ಗಟ್ಟಿಯಾಗಿ ಹೇಳಿದರು.

"ನನ್ನ ಮಗಳು ಬರ್ತಿದಾಳೆ. ಲಂಡನ್‌ನಿಂದ."

ಅಷ್ಟರಲ್ಲಿ ಒಳಗಿನಿಂದ ಟೀಚರ್ ಬರುತ್ತಿದ್ದರು. ಆ ಮಾತು ಕೇಳಿ ಪೆಟ್ಟಿಗೆ ಹಿಡಿದುಕೊಂಡೇ ನಿಂತುಬಿಟ್ಟರು. ಅವರ ಕಣ್ಣು ತುಂಬಿತ್ತು, ನನ್ನದೂ ತುಂಬಿತ್ತು.

ಪೊಲೀಸಿನವನು ಎದುರುಮನೆಯಾಕೆಯನ್ನು ತೋರಿಸಿ, ಇವರು ನಿಮಗೇನಾಗಬೇಕು ಎಂದ.

"ಏನೂ ಆಗ್ಬೇಕಿಲ್ಲ ಕಣಪ್ಪಾ," ಎಂದರು ತಾಯಿ, ಹಿಡಿದ ಕೈ ಬಿಡದೆ. "ಮಗಳಿಗೆ ಎತ್ತೋ ಆರತಿ ತಟ್ಟೆ ಸಿದ್ಧ ಮಾಡಿ ಇವರ ಮನೇಲಿಟ್ಟಿದೀನಿ. ಇವರನ್ನ ಬಿಟ್ಟು ಬಂದ್ರೆ ಬೀಗ ಹಾಕ್ಕೊಂಡು ಊಟಕ್ಕೆ ಹೊರಟ್ಬಿಡ್ತಾರೆ."